ಸೀಸೆ ನಂಬರು 1147

ಚಿಕ್ಕಲಕ್ಷ್ಮಮ್ಮ ಯಾವುದನ್ನೂ ಒಂದು ಸಲ ನೋಡಿ ನಂಬಿದವಳಲ್ಲ. ಬೇರೆಯವರ ಮನೆಯ ಹಾಲು ಬಂದರೆ ಮೂಸುವಳು. ಅಂಗಡಿಯಿಂದ ಸುಣ್ಣ ಬಂದರೆ ಒಂದು ಚೂರನ್ನು ನೀರಿಗೆ ಹಾಕಿ, ಅದು ಕುದಿಯುವುದನ್ನು ಕಂಡ ಮೇಲೆಯೇ ಮೂಟೆ ಇಳಿಸಿಕೊಳ್ಳುವಳು. ಬೈರಾಪಟ್ಟಣದ ಪಕ್ಕದ ಆ ಊರಿನಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಗಂಡ ತಿಮ್ಮಯ್ಯ ಅದನ್ನು ಜಗಲಿಯಲ್ಲಿ ಕೂತವರಿಗೆಲ್ಲ ಹೇಳಿ ನಗಿಸುತ್ತಿದ್ದ. “ಇವ್ಳು ಕನ್ನಡಿ ಮುಂದೆ ನಿಂತ್ರೂ, ಒಳಗಿರೋಳು ಯಾರ ಮನೆಯೋಳು ಅಂತ ಇಚಾರಿಸ್ಕಂಡೇ ಕುಂಕುಮ ಇಡಾದು.”

ಈ ಗುಣ ಅವಳಿಗೆ ಹುಟ್ಟಿನಿಂದ ಬಂದದ್ದಲ್ಲ, ಕೆಲಸದಿಂದ ಬಂದದ್ದು. ಹತ್ತೊಂಬತ್ತನೆಯ ವಯಸ್ಸಿನಿಂದ ಇಪ್ಪತ್ತೆರಡು ವರ್ಷ ಅವಳು ಚನ್ನಪಟ್ಟಣದ ಒಂದು ಬಿತ್ತನೆ ಕೋಠಿಯಲ್ಲಿ ದುಡಿದಿದ್ದಳು. ಬೆಳೆಗಾರರಿಗೆ ರೇಷ್ಮೆಯ ಮೊಟ್ಟೆ ತಯಾರಿಸಿ ಕೊಡುವ ಜಾಗ ಅದು. ಚಿಟ್ಟೆ ಮೊಟ್ಟೆ ಇಟ್ಟ ಮೇಲೆ ಆ ತಾಯಿಚಿಟ್ಟೆಯನ್ನು ಪುಟ್ಟ ಒರಳಿನಲ್ಲಿ ಕ್ಷಾರದ ನೀರು ಹಾಕಿ ಅರೆದು, ಒಂದು ತೊಟ್ಟನ್ನು ಗಾಜಿನ ಮೇಲೆ ಸವರಿ, ಮೈಕ್ರೋಸ್ಕೋಪಿನಡಿ ಇಟ್ಟು ನೋಡಬೇಕು. ಪೆಬ್ರಿನ್ ಎಂಬ ರೋಗವಿದ್ದರೆ ಅಕ್ಕಿಕಾಳಿನ ಆಕಾರದ, ಹೊಳೆಯುವ, ಇದ್ದಲ್ಲೇ ನಡುಗುವ ಕಣಗಳು ಕಾಣುತ್ತವೆ. ಒಂದು ಗಾಜಿನಲ್ಲಿ ಐದು ಜಾಗ ನೋಡಬೇಕು, ನಾಲ್ಕು ನೋಡಿ ಏಳುವಂತಿಲ್ಲ. ಗಾಜಿನ ಮೇಲಿನ ನಂಬರನ್ನೂ ಮೊಟ್ಟೆ ಹಾಳೆಯ ನಂಬರನ್ನೂ ಎರಡೆರಡು ಸಲ ಓದಿ ತಾಳೆ ನೋಡಬೇಕು. ಆ ರೋಗ ತಾಯಿಯಿಂದ ಮೊಟ್ಟೆಗೆ ಇಳಿಯುತ್ತದೆ. ಹಾಗಾಗಿ ಕಣ ಕಂಡಿತೆಂದರೆ ಆ ಒಂದು ತಾಯಿಯ ಮೊಟ್ಟೆ ಮಾತ್ರವಲ್ಲ, ಜೊತೆಯಲ್ಲಿ ತಯಾರಾದ ಇಡೀ ಲಾಟು ಹಿತ್ತಲಿನ ಬೆಂಕಿಗೆ ಹೋಗುತ್ತಿತ್ತು.

ಹೊಸದರಲ್ಲಿ ಅವಳು ಒಮ್ಮೆ ಕೇಳಿದ್ದಳು, ಇದರಲ್ಲಿ ಒಳ್ಳೆಯವೂ ಇರಬಹುದಲ್ಲವೇ ಎಂದು. ಕೋಠಿಯ ಮೇಸ್ತ್ರಿ ರಸೂಲ್ ಸಾಹೇಬರು ಬೆಂಕಿ ಕೆದಕುತ್ತಲೇ ಹೇಳಿದರು: “ಇರ್ತವಮ್ಮ. ಆದ್ರೆ ತಾಯಿ ಹೆಸರು ಕೆಟ್ಟ ಮೇಲೆ ಮೊಟ್ಟೆ ಯಾರೂ ತಗೊಳಾಕಿಲ್ಲ.”

ಆ ಮಾತು ಅವಳಲ್ಲಿ ಉಳಿದುಬಿಟ್ಟಿತು.

ಕೋಠಿ ಮುಚ್ಚಿದ ಮೇಲೆ ಅವಳು ಮನೆಯಲ್ಲೇ ಹುಳ ಸಾಕತೊಡಗಿದಳು. ಒಂದೂವರೆ ಎಕರೆ ಹಿಪ್ಪುನೇರಳೆ, ಹಿತ್ತಲಲ್ಲಿ ಹುಳದ ಮನೆ. 2020ರ ಫೆಬ್ರವರಿಯಲ್ಲಿ ಒಬ್ಬಳೇ ಮಗಳು ಲತಾಮಣಿ ಚೊಚ್ಚಲ ಹೆರಿಗೆಗೆಂದು ಮಾಗಡಿಯ ಗಂಡನ ಮನೆಯಿಂದ ತವರಿಗೆ ಬಂದಳು. ಅದೇ ತಿಂಗಳು, ಬಚ್ಚಲಲ್ಲಿ ಮೈ ಉಜ್ಜಿಕೊಳ್ಳುವಾಗ ಚಿಕ್ಕಲಕ್ಷ್ಮಮ್ಮನ ಬೆರಳಿಗೆ ಎಡ ಎದೆಯ ಮೇಲ್ಭಾಗದಲ್ಲಿ ಅವರೆಕಾಳಿನಷ್ಟು ಗಂಟೊಂದು ಸಿಕ್ಕಿತು. ಒತ್ತಿದರೆ ನೋವಿಲ್ಲ. ಅವಳಿಗೆ ಆಗ ಐವತ್ತನಾಲ್ಕು ವರ್ಷ.

ಆಶಾ ಕಾರ್ಯಕರ್ತೆ ಸೌಮ್ಯ, ಲತಾಮಣಿಯ ತಾಯಿ ಕಾರ್ಡು ನೋಡಲು ಬಂದಾಗ, ಚಿಕ್ಕಲಕ್ಷ್ಮಮ್ಮ ಯಾರದೋ ಕಥೆ ಹೇಳುವವಳಂತೆ ಗಂಟಿನ ವಿಚಾರ ಎತ್ತಿದಳು. ಸೌಮ್ಯ ಯಾರದು ಎಂದು ಕೇಳಲಿಲ್ಲ. ಮಾರ್ಚ್ ಕೊನೆಯಲ್ಲಿ ಊರ ಶಾಲೆಯಲ್ಲಿ ಹೆಂಗಸರ ಕ್ಯಾನ್ಸರ್ ತಪಾಸಣೆ ಶಿಬಿರವಿದೆ ಎಂದಳು. ತನ್ನ ಉದ್ದನೆಯ ಪುಸ್ತಕದಲ್ಲಿ ‘ಚಿಕ್ಕಲಕ್ಷ್ಮಮ್ಮ ಕೋಂ ತಿಮ್ಮಯ್ಯ’ ಎಂದು ಬರೆದುಕೊಂಡು ಹೋದಳು.

ಶಿಬಿರದ ದಿನಕ್ಕೆ ಮೊದಲೇ ಲಾಕ್‌ಡೌನ್ ಬಂತು. ಶಾಲೆಗೆ ಬೀಗ ಬಿತ್ತು. ಏಪ್ರಿಲ್ ಮೊದಲ ವಾರ, ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇಲ್ಲದ ದಿನ, ಲತಾಮಣಿಗೆ ಹೆಣ್ಣು ಮಗು ಹುಟ್ಟಿತು. ಸಿರಿ ಎಂದು ಹೆಸರಿಟ್ಟರು.

ಸೌಮ್ಯ ಮತ್ತೆ ಮನೆ ಮನೆಗೆ ಬಂದಳು. ಕೈಯಲ್ಲಿ ಅದೇ ಪುಸ್ತಕ. ಆದರೆ ಈಗ ಕೇಳುತ್ತಿದ್ದದ್ದು ಕೆಮ್ಮು, ಜ್ವರ, ಬೆಂಗಳೂರಿನಿಂದ ಯಾರಾದರೂ ಬಂದಿದ್ದಾರೆಯೇ ಎಂದು. ಚಿಕ್ಕಲಕ್ಷ್ಮಮ್ಮ ಬಾಗಿಲ ಸಂದಿಯಿಂದಲೇ ಉತ್ತರ ಕೊಟ್ಟಳು. ಜೂನ್ ಹೊತ್ತಿಗೆ ಹಿಂದಿನ ಬೀದಿಯ ಮೂರು ಮನೆಗಳಿಗೆ ಆಂಬುಲೆನ್ಸ್ ಬಂತು, ಬಾಗಿಲಿಗೆ ಚೀಟಿ ಅಂಟಿಸಿದರು, ಬೀದಿಗೆ ಗಳ ಕಟ್ಟಿದರು. ಆ ಮೂರೂ ಮನೆಗಳವರ ಹೆಸರು ಸೌಮ್ಯಳ ಪುಸ್ತಕದಲ್ಲಿ ಇದ್ದವು ಎಂದು ಚಿಕ್ಕಲಕ್ಷ್ಮಮ್ಮ ಕಂಡುಕೊಂಡಳು. ಊರಿನ ನೂರ ನಲವತ್ತು ಮನೆಗಳ ಹೆಸರೂ ಅದೇ ಪುಸ್ತಕದಲ್ಲಿದ್ದವು ಎಂಬುದನ್ನು ಮಾತ್ರ ತಾಳೆ ನೋಡಲಿಲ್ಲ. ಜೀವಮಾನವಿಡೀ ನಂಬರು ತಾಳೆ ನೋಡಿದವಳು ಅಂದು ಅಷ್ಟನ್ನು ಬಿಟ್ಟಳು.

ಹುಳದ ಮನೆಯಲ್ಲಿ ಹುಳಗಳು ನಾಲ್ಕನೆಯ ಸಲ ಪೊರೆ ಬಿಟ್ಟೆದ್ದು ಗಂಟೆಗಂಟೆಗೂ ಸೊಪ್ಪು ಕೇಳುತ್ತಿದ್ದವು. ಒಳಮನೆಯಲ್ಲಿ ಹಸಿ ಬಾಣಂತಿ. ಈ ಸಮಯದಲ್ಲಿ ಬಾಗಿಲಿಗೆ ಚೀಟಿ ಬಿದ್ದರೆ? ಸೌಮ್ಯ ತಗ್ಗಿದ ದನಿಯಲ್ಲಿ, ಆ ಗಂಟಿನ ವಿಚಾರ ಏನಾಯಿತಕ್ಕ ಎಂದು ಕೇಳಿದಾಗ, “ಕರಗೋಯ್ತು ಕಣವ್ವ” ಎಂದಳು.

ಕರಗಿರಲಿಲ್ಲ. ಪ್ರತಿ ಸೋಮವಾರ ಸ್ನಾನ ಮಾಡುವಾಗ ಅವಳು ಅಳೆಯುತ್ತಿದ್ದಳು. ಅವರೆಕಾಳು ಆಷಾಢಕ್ಕೆ ಹುಣಸೆಬೀಜವಾಯಿತು. ದಸರೆಯ ಹೊತ್ತಿಗೆ ನೆಲ್ಲಿಕಾಯಿ. ದೀಪಾವಳಿಗೆ ರೇಷ್ಮೆಗೂಡಿನಷ್ಟಾಗಿ, ಗೂಡಿನ ಹಾಗೆಯೇ ಗಟ್ಟಿಯಾಗಿ, ಅಲುಗದೆ ಕೂತಿತು. ಮಗುವನ್ನು ಚಾಚಿದ ಕಾಲ ಮೇಲೆ ಮಲಗಿಸಿ ನೀರು ಹುಯ್ಯುವಾಗ ಎಡಗೈ ಸೋಲುತ್ತಿತ್ತು. ಹಣ್ಣಾದ ಹುಳಗಳನ್ನು ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ದಿನ, ಆ ಬಿದಿರಿನ ಚಾಪೆಯನ್ನು ಮೇಲೆ ಕಟ್ಟಲು ಅವಳು ಬಲಗೈ ಒಂದನ್ನೇ ಎತ್ತಿದ್ದನ್ನು ಲತಾಮಣಿ ನೋಡಿದಳು. ಕೇಳಿದ್ದಕ್ಕೆ, ಸೊಪ್ಪಿನ ಮಂಕರಿ ಎತ್ತಿ ಉಳುಕಿದೆ ಎಂಬ ಉತ್ತರ ಬಂತು.

ಲತಾಮಣಿ ಇನ್ನೂ ತವರಲ್ಲೇ ಇದ್ದಳು. ಮಾಗಡಿಯ ಮನೆಯಲ್ಲಿ ಇಬ್ಬರಿಗೆ ಕೊರೋನಾ ಬಂದು ಹೋಗಿತ್ತು; ಮಗುವಿಗೆ ವರ್ಷ ತುಂಬುವವರೆಗೆ ಅಲ್ಲೇ ಇರಲಿ ಎಂದು ಅಳಿಯ ಪ್ರಕಾಶ್ ಹೇಳಿ ಕಳಿಸಿದ್ದ. ಚಿಕ್ಕಲಕ್ಷ್ಮಮ್ಮ ಇದನ್ನೂ ನಂಬಲಿಲ್ಲ. ಅವರಿಗೆ ಹೇಗೋ ಗಂಟಿನ ವಾಸನೆ ಬಡಿದಿರಬೇಕು, ಅದಕ್ಕೇ ಮಗಳನ್ನು ಕರೆಸಿಕೊಳ್ಳುತ್ತಿಲ್ಲ ಎಂದುಕೊಂಡಳು. ಪ್ರಕಾಶ್ ಹದಿನೈದು ದಿನಕ್ಕೊಮ್ಮೆ ಬೈಕಿನಲ್ಲಿ ಬಂದು, ಅಂಗಳದ ಆಚೆ ಮಾಸ್ಕು ಹಾಕಿಕೊಂಡು ನಿಂತು ಮಗುವನ್ನು ನೋಡಿ ಹೋಗುತ್ತಿದ್ದ. ಅವನ ಕಣ್ಣು ಮಗುವಿನ ಮೇಲಿದೆಯೋ ತನ್ನ ಎಡಗೈ ಮೇಲಿದೆಯೋ ಎಂದು ಅವಳು ಗಮನಿಸುತ್ತಿದ್ದಳು.

ಡಿಸೆಂಬರಿನಲ್ಲಿ ಸೌಮ್ಯ ಮತ್ತೆ ಬಂದಳು. ಶಿಬಿರದ ಪಟ್ಟಿಯಲ್ಲಿದ್ದ ಹದಿನೇಳು ಹೆಂಗಸರನ್ನು ಒಬ್ಬೊಬ್ಬರಾಗಿ ಹುಡುಕಿಕೊಂಡು ಹೊರಟಿದ್ದಳು, ಹಾಗೆ ಮಾಡಲು ಯಾರೂ ಅವಳಿಗೆ ಹೇಳಿರಲಿಲ್ಲ. ಮನೆಯಲ್ಲಿ ಯಾರಿಗೂ ತಿಳಿಯದ ಹಾಗೆ ತಾನೇ ಕರೆದುಕೊಂಡು ಹೋಗಿ ಬರುತ್ತೇನೆ ಎಂದಳು. ಚಿಕ್ಕಲಕ್ಷ್ಮಮ್ಮ ಒಪ್ಪಿದಳು. ಸೌಮ್ಯಳನ್ನು ನಂಬಿ ಅಲ್ಲ. ಇಪ್ಪತ್ತೆರಡು ವರ್ಷದಲ್ಲಿ ನೋಡಿದ ಗಾಜುಗಳಲ್ಲಿ ಕೆಟ್ಟವು ನೂರಕ್ಕೆ ಒಂದೂ ಇರಲಿಲ್ಲ. ಆ ಪ್ರಮಾಣವನ್ನು ನಂಬಿ.

ಗಂಡನಿಗೂ ಮಗಳಿಗೂ ರೇಷ್ಮೆ ಇಲಾಖೆಯಲ್ಲಿ ಕೆಲಸವಿದೆ ಎಂದು ಹೇಳಿ ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಗೆ ಹೋದರು. ಮೊದಲು ಮೂಗಿಗೆ ಕಡ್ಡಿ ಹಾಕಿದರು. ಅದರ ಫಲಿತಾಂಶ ಬರುವವರೆಗೆ ಒಳಗೆ ಬಿಡಲಿಲ್ಲ, ಮಾರನೆಯ ದಿನ ಮತ್ತೆ ಹೋಗಬೇಕಾಯಿತು. ಒಳಗೆ ಎಲ್ಲರೂ ಬಿಳಿ ಅಂಗಿ, ಕನ್ನಡಕ, ಮಾಸ್ಕು. ಯಾರು ವೈದ್ಯರು, ಯಾರು ನರ್ಸು ತಿಳಿಯದು. ಮುಖವೇ ಕಾಣದವರ ಕೈಗೆ ಎದೆ ಕೊಡಬೇಕಲ್ಲ ಎಂದುಕೊಂಡಳು. ಸೂಜಿ ಚುಚ್ಚಿ, ದಾರದ ತುಂಡಿನಂಥ ಮಾಂಸವನ್ನು ತೆಗೆದು ಔಷಧದ ಪುಟ್ಟ ಸೀಸೆಗೆ ಹಾಕಿದರು. ಅವಳು ಎದ್ದು ಕೂತು, ಸೀಸೆ ತೋರಿಸಿ ಎಂದಳು. ನರ್ಸು ಅಚ್ಚರಿಯಿಂದ ತೋರಿಸಿದಳು. ನಂಬರು 1147. ಮೂರು ಸಲ ಓದಿದಳು.

ಮನೆಗೆ ಬಂದವಳೇ ಹುಳದ ಮನೆಗೆ ಹೋಗಿ, ಹುಳದ ದಿನಾಂಕ ಗುರುತು ಹಾಕುವ ಕ್ಯಾಲೆಂಡರಿನಲ್ಲಿ, ಡಿಸೆಂಬರ್ ಮೂರರ ಮನೆಯೊಳಗೆ ‘ಸೀಸೆ 1147’ ಎಂದು ಬರೆದಳು. ಅದು ಅಭ್ಯಾಸ. ಬರೆಯದೆ ಅವಳಿಗೆ ಊಟ ಸೇರುತ್ತಿರಲಿಲ್ಲ.

ಹತ್ತು ದಿನದಲ್ಲಿ ಬರಬೇಕಾದ ವರದಿ ಐದು ವಾರ ತೆಗೆದುಕೊಂಡಿತು. ಅಲ್ಲಿಯ ಅರ್ಧ ಜನರನ್ನು ಕೊರೋನಾ ಪರೀಕ್ಷೆಗೆ ಹಾಕಿದ್ದಾರೆ ಎಂದು ಸೌಮ್ಯ ಹೇಳಿದಳು. ಜನವರಿ ಎರಡನೆಯ ವಾರ, ಚಿಕ್ಕಲಕ್ಷ್ಮಮ್ಮ ಸೊಪ್ಪು ಕೊಯ್ಯಲು ಹೋದಾಗ, ಸೌಮ್ಯ ತಂದ ಹಾಳೆ ಲತಾಮಣಿಯ ಕೈಗೆ ಸಿಕ್ಕಿತು. ಸೌಮ್ಯ ಬೇಕೆಂದೇ ಹಾಗೆ ಮಾಡಿದಳೋ ಏನೋ. ಸ್ತನದ ಕ್ಯಾನ್ಸರ್ ಎಂದಿತ್ತು. ಸಂಜೆ ತಾಯಿ, ಮಗಳು, ತಿಮ್ಮಯ್ಯ ಮೂವರೂ ನಡುಮನೆಯಲ್ಲಿ ಆ ಹಾಳೆಯನ್ನು ನಡುವೆ ಇಟ್ಟುಕೊಂಡು ಕೂತರು. ತಿಮ್ಮಯ್ಯನಿಗೆ ಅಂದು ಯಾವ ತಮಾಷೆಯೂ ಹೊಳೆಯಲಿಲ್ಲ.

ಚಿಕ್ಕಲಕ್ಷ್ಮಮ್ಮ ಹಾಳೆಯನ್ನು ದೀಪದ ಹತ್ತಿರ ಹಿಡಿದು ಮೇಲಿನಿಂದ ಕೆಳಗೆ ಓದಿದಳು. ಆಮೇಲೆ ಒಂದು ಕಡೆ ಬೆರಳಿಟ್ಟಳು. ಹೆಸರು ಚಿಕ್ಕಲಕ್ಷ್ಮಮ್ಮ, ವಯಸ್ಸು ನಲವತ್ತೈದು.

“ನಂಗೆ ಐವತ್ತನಾಕು. ಇದು ನಂದಲ್ಲ,” ಎಂದಳು. “ಈ ಸೀಮೇಲಿ ಕಲ್ಲು ಎಸುದ್ರೆ ಒಬ್ಳು ಚಿಕ್ಕಲಕ್ಷ್ಮಮ್ಮಂಗೆ ಬೀಳ್ತದೆ. ಗಾಜು ಅದಲು ಬದಲಾಗೈತೆ. ನಾನು ಕಂಡಿಲ್ವ ಇಂಥವ?”

ಕೋಠಿಯಲ್ಲಿ ಗಾಜು ಅದಲುಬದಲಾಗಿ ಒಳ್ಳೆಯ ಲಾಟು ಬೆಂಕಿಗೆ ಬಿದ್ದ ಕಥೆಯನ್ನು ಅವಳು ಎಷ್ಟು ಖಚಿತವಾಗಿ ಹೇಳಿದಳೆಂದರೆ, ತಿಮ್ಮಯ್ಯನ ಮುಖಕ್ಕೆ ಕಳೆ ಮರಳಿತು. ಹಾಗಾದರೆ ಇನ್ನೊಮ್ಮೆ ಪರೀಕ್ಷೆ ಮಾಡಿಸೋಣ ಎಂದಳು ಲತಾಮಣಿ. ಈ ಬೆಳೆ ಮುಗಿಯಲಿ ಎಂದಳು ತಾಯಿ.

ಹಾಳೆಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ 1147 ಎಂದಿತ್ತು. ಅವಳು ಅದನ್ನು ಎಲ್ಲಕ್ಕಿಂತ ಮೊದಲೇ ಓದಿದ್ದಳು. ಆ ರಾತ್ರಿಯಿಂದ ಮನೆಯಲ್ಲಿ ಸುಳ್ಳು ಹೇಳುತ್ತಿದ್ದವಳು ತಾನೊಬ್ಬಳೇ ಎಂಬುದೂ, ಎಲ್ಲರನ್ನೂ ಶಂಕಿಸುತ್ತಿದ್ದವಳೂ ತಾನೇ ಎಂಬುದೂ ಅವಳಿಗೆ ಗೊತ್ತಿತ್ತು. ಮಗಳು ಫೋನಿನಲ್ಲಿ ದನಿ ತಗ್ಗಿಸಿದರೆ ಕಿವಿಗೊಟ್ಟಳು. ತಿಮ್ಮಯ್ಯ ಅವಳ ತಟ್ಟೆಗೆ ಒಂದು ಮುದ್ದೆ ಹೆಚ್ಚು ಇಟ್ಟರೆ ಯಾಕೆ ಎಂದು ನೋಡಿದಳು. ಹೊಸ ವರ್ಷದ ಕ್ಯಾಲೆಂಡರು ಬಂದಾಗ ಹಳೆಯದರ ಹಾಳೆಗಳನ್ನು ಹರಿದು ಹುಳದ ತಟ್ಟೆಗಳಿಗೆ ಹಾಸಿಬಿಟ್ಟಿದ್ದಳು. ಹುಳದ ಹಿಕ್ಕೆಯ ಕೆಳಗೆ ಆ ನಂಬರನ್ನು ಯಾರೂ ಓದಲಾರರು.

ಮೂರು ವಾರ ಕಳೆಯಿತು. ಕಂಕುಳಲ್ಲಿ ಇನ್ನೊಂದು ಪುಟ್ಟ ಗಂಟು ಕೈಗೆ ಹತ್ತಿತು. ಅವಳು ಅದನ್ನೂ ಅಳೆದು ಸುಮ್ಮನಾದಳು.

ಕೈ ನೋವಿನ ತಾಯಿಗೆ ಸಹಾಯವಾಗಲಿ ಎಂದು ಲತಾಮಣಿ ಒಂದು ಬೆಳಿಗ್ಗೆ ತಾನೇ ಹುಳದ ತಟ್ಟೆಗಳನ್ನು ಶುಚಿ ಮಾಡಲು ಕೂತಳು. ಹುಳಗಳನ್ನು ಬಲೆಯ ಸಮೇತ ಬೇರೆ ತಟ್ಟೆಗೆ ಎತ್ತಿ, ಹಿಕ್ಕೆಯನ್ನೂ ಒಣಗಿದ ಸೊಪ್ಪಿನ ಕಡ್ಡಿಯನ್ನೂ ಕೊಡವಿ, ಕೆಳಗಿನ ಕಾಗದ ತೆಗೆದಳು. ಡಿಸೆಂಬರಿನ ಹಾಳೆ. ಮೂರನೆಯ ತಾರೀಖು. ತಾಯಿಯ ದುಂಡು ಬರಹ. ಅವಳು ಕೈ ತೊಳೆದು, ಒಳಗೆ ಹೋಗಿ ವರದಿ ತಂದು, ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದಳು. ಎರಡು ಸಲ ನೋಡಿದಳು. ಅವಳೂ ಆ ತಾಯಿಯ ಮಗಳೇ.

ಚಿಕ್ಕಲಕ್ಷ್ಮಮ್ಮ ಸೊಪ್ಪಿನ ಹೊರೆ ಇಳಿಸಿ ಹುಳದ ಮನೆಯೊಳಗೆ ಬಂದಾಗ ಮಗಳು ಎರಡೂ ಹಾಳೆ ಹಿಡಿದು ಕೂತಿದ್ದಳು.

“ಅವ್ವ, ನಂಬರು ನಿಂದೇ.”

ಹುಳಗಳು ಸೊಪ್ಪು ಮೇಯುವ ಸದ್ದು ಸಣ್ಣ ಮಳೆಯಂತೆ ಕೇಳುತ್ತಿತ್ತು.

“ಗೊತ್ತಿತ್ತು, ಅಲ್ವಾ? ಯಾಕವ್ವ ಹಿಂಗ್ ಮಾಡ್ದೆ?”

ಆಗ ಅವಳು ಬಾಗಿಲಿಗೆ ಒರಗಿ ಕೂತು, ಒಂದು ವರ್ಷ ಒಳಗಿಟ್ಟದ್ದನ್ನು ಹೇಳಿದಳು. “ಇಪ್ಪತ್ತೆರಡು ವರ್ಸ ಈ ಕೈಯಾಗೇ ಸುಟ್ಟಿವ್ನಿ ಕಣೆ. ತಾಯಿ ಗಾಜಲ್ಲಿ ಕಂಡ್ರೆ ಮೊಟ್ಟೆ ಯಾರೂ ನೋಡಾಕಿಲ್ಲ. ನಂದು ಕಾಗದಕ್ಕೆ ಬಂದ್ಬುಟ್ರೆ ಮಾಗಡಿಯವ್ರು ನಿನ್ನ ಒಳಕ್ಕೆ ಸೇರುಸ್ತಾರಾ? ಈ ಕೂಸ ನಾಳೆ ಯಾರು ತಗೋತಾರೆ? ನಾನೊಬ್ಳು ಹೋದ್ರೆ ಹೋದೆ. ಲಾಟು ಉಳೀಲಿ ಅಂತ.”

ಲತಾಮಣಿಗೆ ಬೈಯಬೇಕೆನಿಸಿತು, ಅಳು ಬಂತು, ಎರಡನ್ನೂ ತಡೆದಳು. “ನಾನು ಮೊಟ್ಟೆ ಅಲ್ಲ ಕಣವ್ವ. ನಮ್ಮನೆಯವ್ರಿಗೆ ಅವತ್ತೇ ಹೇಳಿವ್ನಿ. ಅತ್ತೆಯವ್ರನ್ನ ಆಸ್ಪತ್ರೆಗೆ ಯಾವಾಗ ಕರ್ಕೊಂಡೋಗ್ತೀರ ಅಂತ ದಿನಾ ಅದೇ ಕೇಳ್ತಾವ್ರೆ. ನಾನು ಫೋನಲ್ಲಿ ಮೆತ್ತಗೆ ಮಾತಾಡ್ತಿದ್ದುದು ಅದೇಯ.”

ಚಿಕ್ಕಲಕ್ಷ್ಮಮ್ಮ ಕೇಳಿದಳು: “ಅದ ಬಾಯಲ್ಲಿ ಅಂದ್ರೋ, ಮನ್ಸಲ್ಲಿ ಅಂದ್ರೋ?”

“ಬೈಕ್ ಬುಟ್ಟು ಬಾಡಿಗೆ ಕಾರು ಹಿಡ್ಕಂಡು ಬತ್ತೀನಿ ಅಂದವ್ರೆ. ಕಾರಿಗೆ ಮನ್ಸಿರತ್ತಾ? ನೋಡ್ಕೊ ಬಂದಾಗ.”

ಮೂರನೆಯ ದಿನ ಪ್ರಕಾಶ್ ಕಾರಿನಲ್ಲೇ ಬಂದ. ಅವಳು ಹತ್ತುವ ಮುಂಚೆ ಕಾರಿನ ಸುತ್ತ ಒಂದು ಸುತ್ತು ಹಾಕಿದಳು.

ಆಸ್ಪತ್ರೆಯಲ್ಲಿ ಅವಳು ಒಂದು ಷರತ್ತು ಹಾಕಿದಳು: ತನ್ನ ಗಾಜನ್ನು ತಾನೇ ನೋಡಬೇಕು. ಹೊರಗಿನ ಕೌಂಟರಿನವರು ನಕ್ಕರು. ಆದರೆ ಮಾತು ಒಳಗೆ ಹೋಗಿ, ಗಾಜು ಪರೀಕ್ಷಿಸುವ ಡಾಕ್ಟರ್ ಶಾಲಿನಿ ಎಂಬ ಹೆಣ್ಣುಮಗಳು ತಾನೇ ಹೊರಗೆ ಬಂದು ಅವಳನ್ನು ಕರೆದುಕೊಂಡು ಹೋದಳು. ವಯಸ್ಸು ತಪ್ಪಾಗಿ ಬಿದ್ದದ್ದಕ್ಕೆ ತಪ್ಪಾಯಿತು ಎಂದು ಹೇಳಿ, ನಲವತ್ತೈದನ್ನು ಹೊಡೆದುಹಾಕಿ ಐವತ್ತನಾಲ್ಕು ಎಂದು ತಿದ್ದಿ, ಸಹಿ ಹಾಕಿದಳು. ಗಾಜಿನ ಮೇಲಿನ ನಂಬರು ಓದಿಸಿದಳು. ಆಮೇಲೆ ಕುರ್ಚಿ ಬಿಟ್ಟುಕೊಟ್ಟಳು.

ಚಿಕ್ಕಲಕ್ಷ್ಮಮ್ಮ ಸೆರಗು ಹಿಂದಕ್ಕೆ ಸಿಕ್ಕಿಸಿ, ಎರಡೂ ಕಣ್ಣು ತೆರೆದಿಟ್ಟೇ ಮಸೂರಕ್ಕೆ ಬಾಗಿದಳು. ಬಲಗೈ ತಾನಾಗಿ ತಿರುಗಣೆ ಹುಡುಕಿಕೊಂಡಿತು. ಹೊಳೆಯುವ ಅಕ್ಕಿಕಾಳುಗಳಿರಲಿಲ್ಲ. ಗುಲಾಬಿ ಬಣ್ಣದ ನೆಲದ ಮೇಲೆ ಕಡುನೀಲಿ ಚುಕ್ಕೆಗಳು, ಒಂದು ದೊಡ್ಡದು, ಒಂದು ಚಿಕ್ಕದು, ಸಂತೆಯ ನೂಕುನುಗ್ಗಲಿನಂತೆ ಒಂದರ ಮೇಲೊಂದು. ಡಾಕ್ಟರು ಪಕ್ಕದ ಒಳ್ಳೆಯ ಜಾಗ ತೋರಿಸಿದಳು. ಅಲ್ಲಿ ಅದೇ ಚುಕ್ಕೆಗಳು ಶಾಲೆಯ ಮಕ್ಕಳಂತೆ ಸಾಲಾಗಿದ್ದವು. ಹೆಸರು ಗೊತ್ತಿಲ್ಲದಿದ್ದರೂ ಕೆಟ್ಟದ್ದು ಯಾವುದು ಎಂದು ಅವಳ ಕಣ್ಣಿಗೆ ತಿಳಿಯಿತು.

“ಐದು ಜಾಗ ನೋಡುದ್ರಾ ತಾಯಿ?”

“ಹನ್ನೆರಡು ನೋಡಿದ್ದೀನಿ ಅಮ್ಮ.”

ಅವಳು ಒಪ್ಪಿದವಳಂತೆ ತಲೆಯಾಡಿಸಿದಳು. ಆಮೇಲೆ ನಿಜವಾಗಿ ಕೇಳಬೇಕಾದದ್ದನ್ನು ಕೇಳಿದಳು. “ಇದು ಮೊಟ್ಟೆಗೆ ಇಳೀತದಾ?”

ಡಾಕ್ಟರಿಗೆ ಅರ್ಥವಾಗಲಿಲ್ಲ. ಲತಾಮಣಿ ಕೋಠಿಯ ವಿಚಾರ ಬಿಡಿಸಿ ಹೇಳಿದಳು. ಶಾಲಿನಿ ಮಾಸ್ಕಿನ ಮೇಲಿನ ಕಣ್ಣುಗಳನ್ನು ಚಿಕ್ಕಲಕ್ಷ್ಮಮ್ಮನ ಮೇಲೇ ನೆಟ್ಟು ಉತ್ತರ ಕೊಟ್ಟಳು. ಈ ಕಾಯಿಲೆ ಬಂದ ನೂರು ಜನರಲ್ಲಿ ಮನೆತನದಿಂದ ಇಳಿದು ಬರುವುದು ಐದರಿಂದ ಹತ್ತು ಜನರಿಗೆ. ಇಲ್ಲವೇ ಇಲ್ಲ ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ಮಗಳು ತನ್ನ ಮೈಯನ್ನು ತಾನು ಗಮನಿಸಿಕೊಳ್ಳಬೇಕು, ವಯಸ್ಸಿಗೆ ತಕ್ಕ ಹಾಗೆ ತೋರಿಸಿಕೊಳ್ಳಬೇಕು. “ಆದರೆ ಇಲ್ಲಿ ಲಾಟು ಸುಡೋ ಪದ್ಧತಿ ಇಲ್ಲಮ್ಮ. ಬೇಗ ನೋಡೋದೇ ಉಳಿಸೋದಕ್ಕೆ.”

ಇಲ್ಲವೇ ಇಲ್ಲ ಎಂದಿದ್ದರೆ ಅವಳು ನಂಬುತ್ತಿರಲಿಲ್ಲ. ಐದರಿಂದ ಹತ್ತು ಎಂದದ್ದರಿಂದ ನಂಬಿದಳು.

ಕಳೆದ ವರ್ಷ ಶಿಬಿರದ ಹೊತ್ತಿಗೆ ಬಂದಿದ್ದರೆ ಗಂಟೊಂದನ್ನೇ ತೆಗೆದು ಎದೆ ಉಳಿಸಬಹುದಿತ್ತು; ಈಗ ಮೊದಲು ಔಷಧಿ, ಆಮೇಲೆ ಎಡ ಎದೆ ಪೂರ್ತಿ ತೆಗೆಯಬೇಕು ಎಂದರು. ಮನೆಗೆ ಮರಳುವ ದಾರಿಯುದ್ದಕ್ಕೂ ಅವಳು ತಡವಾದ ಆ ಹನ್ನೊಂದು ತಿಂಗಳನ್ನು ಪಾಲು ಮಾಡುತ್ತಿದ್ದಳು. ಐದು ವಾರ ಆಸ್ಪತ್ರೆಯದು. ಮೂರು ವಾರ ನಿಸ್ಸಂದೇಹವಾಗಿ ತನ್ನದು. ಮಿಕ್ಕದ್ದರಲ್ಲಿ ಲಾಕ್‌ಡೌನಿನದು ಎಷ್ಟು, ತನ್ನ ಬಾಗಿಲ ಸಂದಿಯದು ಎಷ್ಟು ಎಂಬುದನ್ನು ಬಿಡಿಸಲು ಆಗಲಿಲ್ಲ.

ಔಷಧಿ ಏರಿಸುವ ಸರದಿ ನಡೆಯುತ್ತಿದ್ದಾಗಲೇ ಎರಡನೆಯ ಅಲೆ ಬಂತು. ಪ್ರತಿ ಸಲವೂ ಮೂಗಿಗೆ ಕಡ್ಡಿ, ಹೆದ್ದಾರಿಯಲ್ಲಿ ಪೊಲೀಸರಿಗೆ ಆಸ್ಪತ್ರೆಯ ಚೀಟಿ. ಹಾಸಿಗೆ ಸಿಗದೆ ಎರಡು ಸಲ ಹಿಂದಿರುಗಿದರು. ಕೂದಲು ಉದುರಿತು. ಶಂಕೆ ಉದುರಲಿಲ್ಲ. ನರ್ಸು ಬಾಟಲು ತೂಗುಹಾಕುವ ಮುಂಚೆ ಹೆಸರು, ನಂಬರು, ವಯಸ್ಸು ಮೂರನ್ನೂ ಗಟ್ಟಿಯಾಗಿ ಓದಬೇಕಿತ್ತು. ಮೊದಮೊದಲು ನರ್ಸುಗಳು ಸಿಡುಕಿದರು. ಮೂರನೆಯ ಸರದಿಯ ಹೊತ್ತಿಗೆ ಪಕ್ಕದ ಹಾಸಿಗೆಗಳ ಹೆಂಗಸರೂ ತಮ್ಮ ಬಾಟಲನ್ನು ಒಸಿ ನೋಡವ್ವ ಎಂದು ಅವಳಿಗೇ ಹೇಳತೊಡಗಿದರು. ತಿಮ್ಮಯ್ಯ ಹೊರಗಿನ ಮರದ ಕೆಳಗೆ ಕೂತು, ಒಳಗೆ ನಮ್ಮ ಇನ್‌ಸ್ಪೆಕ್ಟರಮ್ಮ ಅವ್ರೆ ಎಂದು ಯಾರಿಗೋ ಹೇಳುತ್ತಿದ್ದ. ಅವನಿಗೆ ತಮಾಷೆ ಮರಳಿತ್ತು.

ಅದೇ ವರ್ಷ ಶಸ್ತ್ರಚಿಕಿತ್ಸೆ ಆಯಿತು. ಈಗ ಅವಳ ಎಡಗೈ ಹೆಗಲಿನ ಮಟ್ಟ ದಾಟುವುದಿಲ್ಲ. ಚಂದ್ರಿಕೆಯನ್ನು ತಿಮ್ಮಯ್ಯ ಕಟ್ಟುತ್ತಾನೆ, ಅವನ ಗಂಟನ್ನು ಅವಳು ಎಳೆದು ನೋಡುತ್ತಾಳೆ.

ಹೋದ ವರ್ಷ ಒಂದು ಬೆಳಿಗ್ಗೆ ಲತಾಮಣಿ ಮಾಗಡಿಯಿಂದ ಫೋನು ಮಾಡಿದಳು. ಬಲ ಎದೆಯಲ್ಲಿ ಏನೋ ಕೈಗೆ ಹತ್ತುತ್ತಿದೆ, ಅವರೆಕಾಳಿನಷ್ಟು. ಚಿಕ್ಕಲಕ್ಷ್ಮಮ್ಮನಿಗೆ ಹಿತ್ತಲಿನ ಬೆಂಕಿಯಲ್ಲಿ ಮೊಟ್ಟೆ ಸಿಡಿಯುವ ಸದ್ದು ಕೇಳಿಸಿದಂತಾಯಿತು. ಅವಳು ಕೇಳಿದ್ದು ಒಂದೇ: “ನಾಳೀಕೆ ಹೋಗ್ತಿಯೋ, ಇವತ್ತೇ ಹೋಗ್ತಿಯೋ?”

ಎರಡನೆಯ ದಿನ ಸೂಜಿ ಚುಚ್ಚಿದರು. ತಾಯಿ ಪಕ್ಕದಲ್ಲೇ ನಿಂತು ಸೀಸೆಯ ನಂಬರನ್ನು ಮೂರು ಸಲ ಓದಿದಳು, ಊರಿಗೆ ಬಂದು ಕ್ಯಾಲೆಂಡರಿನಲ್ಲಿ ಬರೆದಳು. ಆ ಹಾಳೆಯನ್ನು ಹುಳದ ಮನೆಯಲ್ಲಿ ಬಿಡದೆ, ದೇವರ ಗೂಡಿನ ಪಕ್ಕ ಮೊಳೆ ಹೊಡೆದು ತಗುಲಿಸಿದಳು.

ವರದಿ ಒಂಬತ್ತನೆಯ ದಿನ ಬಂತು. ಲತಾಮಣಿಯೇ ಸಿರಿಯನ್ನು ಕರೆದುಕೊಂಡು ಹಾಳೆ ಹಿಡಿದು ಬಂದಳು. ಕ್ಯಾನ್ಸರ್ ಅಲ್ಲ, ಆ ವಯಸ್ಸಿನಲ್ಲಿ ಬರುವ ತೊಂದರೆಯಿಲ್ಲದ ಗಂಟು ಎಂದಿತ್ತು. ಚಿಕ್ಕಲಕ್ಷ್ಮಮ್ಮ ಕನ್ನಡಕ ಹಾಕಿಕೊಂಡು ಹೆಸರು ನೋಡಿದಳು. ವಯಸ್ಸು ನೋಡಿದಳು. ನಂಬರನ್ನು ಗಟ್ಟಿಯಾಗಿ ಓದಿದಳು. ನಾಲ್ಕು ವರ್ಷದ ಸಿರಿ ಗೋಡೆಯ ಮೇಲಿನದನ್ನು ಒಂದೊಂದೇ ಅಂಕಿಯಾಗಿ ಕೂಗಿ ಹೇಳಿದಳು. ಎಲ್ಲವೂ ತಾಳೆಯಾಯಿತು.

ಚಿಕ್ಕಲಕ್ಷ್ಮಮ್ಮ ಹಾಳೆಯನ್ನು ಮಡಿಸಿದಳು, ಮತ್ತೆ ಬಿಡಿಸಿದಳು.

“ಎಲ್ಲಾ ಸರಿಯಾಗೈತೆ ಬುಡು,” ಎಂದಳು. ಆಮೇಲೆ ಮಗಳ ಫೋನಿನ ಕಡೆ ಕೈ ತೋರಿಸಿದಳು. “ಆ ಡಾಕ್ಟ್ರಮ್ಮಂಗೆ ಒಂದು ಫೋನ್ ಮಾಡು. ಎಷ್ಟು ಜಾಗ ನೋಡುದ್ರು, ಕೇಳು.”